ಸಪ್ಪೆ ಮುಖದ ಸಾಲಿನಲ್ಲಿ ರಾಗ್ನಾ

"ಯಾರೋ ತಪ್ಪಿ ಇಟ್ಟಿದ್ದಾರೆ," ಎಂದಳು ಮಥೇಯಾ.

"ಯಾರೂ ತಪ್ಪಿ ಇಟ್ಟಿಲ್ಲ. ನಾನೇ ಇಟ್ಟಿದ್ದು," ಎಂದಳು ರಾಗ್ನಾ.

ಐದನೇ ಕ್ಲಾಸಿನ ಮಕ್ಕಳೆಲ್ಲ ಬೋರ್ಡಿನ ಕಡೆ ತಿರುಗಿದರು. ಅಲ್ಲಿ ಮೂರು ಮುಖಗಳ ಚಿತ್ರವಿತ್ತು. ನಗು ಮುಖ, ಸುಮಾರು ಮುಖ, ಸಪ್ಪೆ ಮುಖ. ದಿನಾ ಬೆಳಿಗ್ಗೆ ಬಂದವರು ತಮ್ಮ ಹೆಸರಿರುವ ಮ್ಯಾಗ್ನೆಟ್ಟನ್ನು ಯಾವುದಾದರೂ ಒಂದು ಮುಖದ ಕೆಳಗೆ ಅಂಟಿಸಬೇಕು. ಹದಿನಾರು ಮ್ಯಾಗ್ನೆಟ್ಟುಗಳು ನಗು ಮುಖದ ಕೆಳಗೆ ಬಸ್ಸಿಗೆ ಕಾದವರ ಹಾಗೆ ಒತ್ತಿಕೊಂಡು ನಿಂತಿದ್ದವು. ಸಪ್ಪೆ ಮುಖದ ಕೆಳಗೆ ಒಂದೇ ಒಂದು.

ವಾರವಿಡೀ ಎಲ್ಲರೂ ನಗು ಮುಖದಲ್ಲೇ ಇದ್ದರೆ ಶುಕ್ರವಾರ ವಾಫಲ್. ಕ್ಲಾಸಿನಲ್ಲೇ ಸುಟ್ಟ ಬಿಸಿ ವಾಫಲ್, ಮೇಲೆ ಸ್ಟ್ರಾಬೆರಿ ಜಾಮ್. ಅದು ಟೀಚರ್ ಟೂರಿಲ್ ಮಾಡಿದ ನಿಯಮ. ಇವತ್ತು ಬುಧವಾರ.

"ಏ ರಾಗ್ನಾ, ಇನ್ನೆರಡೇ ದಿನ ಕಣೇ!" ಎಂದು ಎಸ್ಕಿಲ್ ಹಿಂದಿನ ಬೆಂಚಿನಿಂದ ಕೂಗಿದ. ಎಸ್ಕಿಲ್ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್. ಅವನ ಮಾತೆಲ್ಲ ಮೈದಾನದಲ್ಲಿ ನಿಂತು ಆಡಿದಂತೆಯೇ. "ಸುಮ್ನೆ ಆ ಕಡೆ ಇಡು. ಒಳಗೆ ಹೇಗಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ."

"ವಾಫಲ್‌ಗೆ ಗೊತ್ತಾಗಲ್ವಲ್ಲ!"

ಕ್ಲಾಸು ನಕ್ಕಿತು. ಟೂರಿಲ್ ಮೇಜು ತಟ್ಟಿದಳು. "ಇರ್ಲಿ ಬಿಡಿ. ರಾಗ್ನಾ, ಮಧ್ಯಾಹ್ನಕ್ಕೆ ಸರಿಹೋದ್ರೆ ಬದಲಿಸು, ಆಯ್ತಾ ಪುಟ್ಟಾ? ಎಲ್ಲರೂ ಗಣಿತ ಪುಸ್ತಕ ತೆಗೀರಿ."

ಯಾಕೆ ಅಂತ ಯಾರೂ ಕೇಳಲಿಲ್ಲ.

ನವೆಂಬರ್ ಕೊನೆಯಲ್ಲಿ ಸೂರ್ಯ ದ್ವೀಪ ಬಿಟ್ಟು ಹೋಗಿದ್ದ. ನಾರ್ವೆಯ ಆ ಉತ್ತರದ ತುದಿಯಲ್ಲಿ ಪ್ರತಿ ವರ್ಷ ಹಾಗೇ. ಜನವರಿ ಮುಗಿಯುವ ಹೊತ್ತಿಗೆ ಬರುತ್ತಾನೆ. ಅಲ್ಲಿಯವರೆಗೆ ಮಧ್ಯಾಹ್ನ ಒಂದೆರಡು ಗಂಟೆ ಆಕಾಶ ಶಾಯಿ ಚೆಲ್ಲಿದಂತೆ ನೀಲಿಯಾಗುತ್ತದೆ, ಆಮೇಲೆ ಮತ್ತೆ ಕಪ್ಪು. ಹಿಂದಿನ ವರ್ಷಗಳಲ್ಲಿ ರಾಗ್ನಾ ಅದನ್ನು ಗಮನಿಸಿಯೇ ಇರಲಿಲ್ಲ. ಈ ವರ್ಷ ಮಾತ್ರ ಯಾರೋ ಅವಳಿಗೆ ಒದ್ದೆ ಕಂಬಳಿ ಹೊದಿಸಿ ಮರೆತು ಹೋದ ಹಾಗಾಗಿತ್ತು. ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ. ಚೆಂಡು ಕಾಲಿನ ಹತ್ತಿರವೇ ಬಂದರೂ ಒದೆಯಬೇಕು ಅನ್ನಿಸುತ್ತಿರಲಿಲ್ಲ. ಹಲ್ಲುಜ್ಜುವಾಗ ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಆದರೂ ದಿನಾ ಮ್ಯಾಗ್ನೆಟ್ಟನ್ನು ನಗು ಮುಖದ ಕೆಳಗೇ ಇಟ್ಟಿದ್ದಳು. ಮೂರು ಶುಕ್ರವಾರ ವಾಫಲ್ ಕೂಡ ತಿಂದಿದ್ದಳು. ಇವತ್ತು ಕೈ ಅವಳ ಮಾತು ಕೇಳಲಿಲ್ಲ.

ಆಟದ ಬಿಡುವಿನಲ್ಲಿ ಎಲ್ಲರೂ ದೊಡ್ಡ ದೀಪಗಳ ಕೆಳಗೆ ಹಿಮದಲ್ಲಿ ಓಡಾಡಿದರು. ಎಸ್ಕಿಲ್ ಎರಡು ಗೋಲು ಹೊಡೆದ. ರಾಗ್ನಾ ಗೋಡೆಗೆ ಒರಗಿ ನಿಂತಿದ್ದಳು. ವಾಪಸ್ ಬಂದು ನೋಡಿದರೆ ಅವಳ ಮ್ಯಾಗ್ನೆಟ್ಟು ನಗು ಮುಖದ ಕೆಳಗೆ ಹೋಗಿತ್ತು.

ಅವಳು ಅದನ್ನು ಕಿತ್ತು ಸಪ್ಪೆ ಮುಖದ ಕೆಳಗೆ ಟಪ್ಪೆಂದು ಅಂಟಿಸಿದಳು.

ಊಟಕ್ಕೆ ಮುಂಚೆ ಕೈ ತೊಳೆದು ಬಂದಾಗ ಅದು ಮತ್ತೆ ನಗುತ್ತಿತ್ತು.

ಈ ಸಲ ರಾಗ್ನಾ ತನ್ನ ಕುರ್ಚಿಯನ್ನು ಕಿರ್ರೋ ಎಂದು ಬೋರ್ಡಿನವರೆಗೂ ಎಳೆದಳು. ಮ್ಯಾಗ್ನೆಟ್ಟನ್ನು ಅದರ ಜಾಗಕ್ಕೆ ಇಟ್ಟು, ಅದರ ಮುಂದೆಯೇ ಕೂತು, ಡಬ್ಬಿ ತೆರೆದು ಬ್ರೆಡ್ಡು ಕಚ್ಚಿದಳು.

"ಕಾವಲು ಕೂತಿದ್ದೀಯಾ?" ಎಂದ ಎಸ್ಕಿಲ್.

"ಹೌದು."

"ನಿನ್ನೊಬ್ಬಳಿಂದ ಎಲ್ಲರಿಗೂ ವಾಫಲ್ ತಪ್ಪುತ್ತೆ."

"ತಪ್ಪಲಿ."

"ಸ್ವಾರ್ಥಿ!" ಎಂದಳು ಮಥೇಯಾ. ಮಥೇಯಾ ಅವಳ ಬೆಸ್ಟ್ ಫ್ರೆಂಡ್. ರಾಗ್ನಾ ಬ್ರೆಡ್ಡನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಮುಖ ನಂದು," ಎಂದಳು. "ಎಲ್ಲಿಡ್ಬೇಕು ಅಂತ ನಾನು ಹೇಳ್ತೀನಿ."

"ಇದೇನು ಗಲಾಟೆ?" ಎನ್ನುತ್ತಾ ಟೂರಿಲ್ ಒಳಗೆ ಬಂದಳು.

ರಾಗ್ನಾ ಎದ್ದು ನಿಂತಳು. "ಟೂರಿಲ್, ನಕ್ಕರೆ ವಾಫಲ್ ಕೊಡ್ತೀನಿ ಅಂದ್ರೆ ಗೋಡೆನೂ ನಗುತ್ತೆ."

ಟೂರಿಲ್ ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ಬೋರ್ಡಿನಲ್ಲಿ ಒತ್ತಿಕೊಂಡು ನಿಂತ ಹದಿನಾರು ಹೆಸರುಗಳನ್ನು ಮೊದಲ ಸಲ ಓದುವವಳಂತೆ ಒಂದೊಂದಾಗಿ ಓದಿದಳು.

ಶಾಲೆ ಬಿಟ್ಟ ಮೇಲೆ ಅವಳು ರಾಗ್ನಾಳ ಹತ್ತಿರ ಬಂದು ಕೂತಳು. "ಯಾವಾಗಿಂದ ಹೀಗೆ?" ಎಂದು ಕೇಳಿದಳು. ರಾಗ್ನಾ ಹೇಳಿದಳು. ಹಲ್ಲುಜ್ಜುವ ವಿಷಯವನ್ನೂ ಹೇಳಿದಳು.

"ನಾಳೆ ಗುರುವಾರ. ನರ್ಸ್ ಯೋರುನ್ ದೋಣಿಯಲ್ಲಿ ನಮ್ಮ ಶಾಲೆಗೆ ಬರ್ತಾಳೆ. ಇಂಥದ್ದೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಪಪ್ಪನನ್ನೂ ಕರ್ಕೊಂಡು ಹೋಗು," ಎಂದಳು ಟೂರಿಲ್.

ಪಪ್ಪನನ್ನು ಒಪ್ಪಿಸುವುದು ಮಾತ್ರ ಸುಲಭವಿರಲಿಲ್ಲ.

"ನರ್ಸಾ? ಯಾಕೆ?" ಎಂದು ಪಪ್ಪ ಜೋರಾಗಿ ನಕ್ಕ. ಮೀನಿನ ಫ್ಯಾಕ್ಟರಿಯಿಂದ ಆಗಷ್ಟೇ ಬಂದು ಬೂಟು ಕಳಚುತ್ತಿದ್ದ. "ಕತ್ತಲೆ ಕಾಯಿಲೆ ದಕ್ಷಿಣದವರಿಗೆ ಬರೋದು. ನಾವು ಇಲ್ಲೇ ಹುಟ್ಟಿದವರು. ಇಕೋ, ಒಂದು ಚಮಚ ಮೀನೆಣ್ಣೆ. ಆ ಅನ್ನು!"

ರಾಗ್ನಾ ಬಾಯಿ ಬಿಗಿಹಿಡಿದಳು. ಮೀನೆಣ್ಣೆಯ ಚಮಚ ಅವಳ ಮೂಗಿನ ಮುಂದೆ ಕಾದು ನಿಂತಿತು.

"ಹಾಗಾದ್ರೆ ನೀನ್ಯಾಕೆ ಕಾರಲ್ಲೇ ಕೂತಿರ್ತೀಯ?"

"ಯಾವಾಗ?"

"ದಿನಾ. ಮನೆ ಮುಂದೆ ನಿಲ್ಲಿಸಿ, ಲೈಟ್ ಆಫ್ ಮಾಡಿ ಕೂತಿರ್ತೀಯ. ಕಿಟಕಿಯಿಂದ ನೋಡ್ತೀನಿ. ಇವತ್ತು ಇಪ್ಪತ್ತೆರಡು ನಿಮಿಷ."

ಪಪ್ಪ ಚಮಚವನ್ನು ಮೆಲ್ಲಗೆ ಬಾಟಲಿಯ ಪಕ್ಕ ಇಟ್ಟ. ಅವನ ಮುಖದ ಮೇಲಿದ್ದ ನಗುವಿಗೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಇಳಿದು ಹೋಯಿತು.

"ಮಮ್ಮಾ ಟ್ರಾಲರಿನಲ್ಲಿ ಸಮುದ್ರಕ್ಕೆ ಹೋಗಿದ್ದಾಳೆ. ನೀನೊಬ್ಬಳೇ ಇರ್ತೀಯ," ಎಂದ. "ಒಳಗೆ ಬರೋ ಮುಂಚೆ ಮುಖ ಸರಿಮಾಡ್ಕೋತೀನಿ. ಅಷ್ಟೇ."

"ಅದಕ್ಕೆ ಇಪ್ಪತ್ತೆರಡು ನಿಮಿಷ ಬೇಕಾ?"

"ಈ ವರ್ಷ ಬೇಕಾಗ್ತಿದೆ."

ರಾಗ್ನಾ ಅವನನ್ನೇ ನೋಡಿದಳು. ಕಣ್ಣಿನ ಕೆಳಗೆ ಕಪ್ಪು. ಗಡ್ಡದಲ್ಲಿ ಮೀನಿನ ಒಂದು ಹುರುಪೆ. ಇಷ್ಟು ದಿನ ಬಾಗಿಲಲ್ಲಿ ಜೋರಾಗಿ ನಗುತ್ತಿದ್ದವನಿಗಿಂತ ಈ ಪಪ್ಪ ಹತ್ತಿರದವನು ಅನ್ನಿಸಿತು.

"ನಂಗೋಸ್ಕರ ಸರಿಮಾಡ್ಕೋಬೇಡ. ಹಾಗೇ ಒಳಗೆ ಬಾ," ಎಂದಳು.

ಪಪ್ಪ ಬಹಳ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ.

"ನರ್ಸ್ ಎಷ್ಟು ಗಂಟೆಗೆ ಬರ್ತಾಳೆ?" ಎಂದ ಕೊನೆಗೆ.

"ಹತ್ತಕ್ಕೆ."

"ಸರಿ. ಆದ್ರೆ ಮೀನೆಣ್ಣೆ ಕುಡೀಲೇಬೇಕು."

ಕುಡಿದಳು. ಅಷ್ಟು ಮಟ್ಟಿಗೆ ಸೋಲಬಹುದು.

ಗುರುವಾರ ಬೆಳಿಗ್ಗೆಯೂ ಅವಳು ಮ್ಯಾಗ್ನೆಟ್ಟನ್ನು ಸಪ್ಪೆ ಮುಖದ ಕೆಳಗೇ ಇಟ್ಟಳು. ಮಥೇಯಾ ನೋಡಿಯೂ ನೋಡದ ಹಾಗಿದ್ದಳು. ಹತ್ತು ಗಂಟೆಗೆ ಪಪ್ಪ ಬಂದ. ಇಬ್ಬರೂ ನರ್ಸ್ ಕೋಣೆಯ ಕಡೆ ನಡೆದರು.

ಕೋಣೆಯ ಹೊರಗಿನ ಬೆಂಚಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಜಾಕೆಟ್ಟಿನ ಟೋಪಿ ಮೂಗಿನವರೆಗೂ ಎಳೆದುಕೊಂಡಿದ್ದರೂ ಆ ಹಳದಿ ಶೂಗಳನ್ನು ಇಡೀ ಶಾಲೆಯೇ ಬಲ್ಲದು.

"ಎಸ್ಕಿಲ್?"

ಎಸ್ಕಿಲ್ ಬೆಚ್ಚಿ ಎದ್ದು ಮತ್ತೆ ಕೂತ. "ಮೊಣಕಾಲು," ಎಂದ ತಕ್ಷಣ. "ಮೊಣಕಾಲು ನೋವು. ಅದಕ್ಕೇ ಬಂದಿದ್ದು."

ನಿನ್ನೆ ಎರಡು ಗೋಲು ಹೊಡೆದೆಯಲ್ಲ ಎಂಬ ಮಾತು ರಾಗ್ನಾಳ ನಾಲಿಗೆಯ ತುದಿಗೆ ಬಂತು. ಒಳ್ಳೆಯ ಮಾತು. ಹೇಳಿದ್ದರೆ ನಿನ್ನೆಯದಕ್ಕೆಲ್ಲ ಒಂದೇ ಏಟಿಗೆ ಸೇಡು ತೀರುತ್ತಿತ್ತು. ಅವಳು ಅವನ ಕೈಗಳನ್ನು ನೋಡಿದಳು. ಅವು ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಲೇ ಇದ್ದವು.

"ಎಷ್ಟು ದಿನದಿಂದ ನೋವು?" ಎಂದು ಕೇಳಿದಳು.

ಎಸ್ಕಿಲ್ ಜಿಪ್ಪು ನಿಲ್ಲಿಸಿದ.

"ನವೆಂಬರಿಂದ," ಎಂದ.

ರಾಗ್ನಾ ಅವನ ಪಕ್ಕ ಕೂತಳು. ಪಪ್ಪ ಸ್ವಲ್ಪ ದೂರ ಹೋಗಿ, ಗೋಡೆಯ ಮೇಲಿದ್ದ ದೋಣಿಗಳ ಟೈಮ್‌ಟೇಬಲ್ಲನ್ನು ಬಹಳ ಗಮನವಿಟ್ಟು ಓದತೊಡಗಿದ.

"ಯಾರಿಗೂ ಹೇಳ್ಬೇಡ," ಎಂದ ಎಸ್ಕಿಲ್ ಸಣ್ಣ ದನಿಯಲ್ಲಿ.

"ನಿನ್ನ ಮೊಣಕಾಲಿನ ವಿಷಯ ನಾನ್ಯಾಕೆ ಹೇಳ್ಲಿ?"

ಬಾಗಿಲು ತೆರೆಯಿತು. ಯೋರುನ್ ತಲೆ ಹೊರಹಾಕಿ ಮೂವರನ್ನೂ ನೋಡಿದಳು. "ಮೊದಲು ಯಾರು ಬರ್ತೀರಿ?"

"ಇವನು ಹೋಗ್ಲಿ," ಎಂದಳು ರಾಗ್ನಾ. "ಇವನಿಗೆ ಜಾಸ್ತಿ ನೋವಿದೆ. ನಾನು ಇಲ್ಲೇ ಇರ್ತೀನಿ."