ಝೋಲೆಕಾಳ ಬಿಳಿ ಮಣಿಸರ

ಮದುವೆಯ ಹಿಂದಿನ ದಿನ ಮಧ್ಯಾಹ್ನ, ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಮದುಮಗನ ತಾಯಿ ರುದ್ರಾಣಿಯವರ ಮನೆಯಲ್ಲಿ ಬಳೆಶಾಸ್ತ್ರ ಮುಗಿದು ಹೆಂಗಸರು ಊಟಕ್ಕೆ ಏಳುತ್ತಿದ್ದಾಗ ಮಹಡಿಯಿಂದ ಮದುಮಗಳ ಕೂಗು ಕೇಳಿಸಿತು. ಅಳುವಿನ ಕೂಗಲ್ಲ, ಸಿಟ್ಟಿನದು.

"ಯಾರು ತೆಗೆದದ್ದು? ಯಾರು?"

ಎಲ್ಲರಿಗಿಂತ ಮೊದಲು ಮೇಲೆ ಓಡಿದವಳು ಶ್ರೀವಿದ್ಯಾ. ಬಳೆ ತೊಡಿಸುವಾಗ ಅವಳು ಬಾಗಿಲ ಬಳಿ, ಹಿಂದಿನ ಕುರ್ಚಿಯಲ್ಲಿದ್ದಳು. "ನೀವು ಇಲ್ಲಿ ಆರಾಮಾಗಿ ಕೂತ್ಕೊಳ್ಳಿ" ಎಂದು ಯಾರೋ ಕೈಹಿಡಿದು ಕೂರಿಸಿದ್ದರು. ಗಂಡ ಯೋಗೀಶ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ಅವಳಿಗೆ ಸಿಗುವುದು ಇಂಥ ಆರಾಮದ ಕುರ್ಚಿಗಳೇ. ಮೆಲ್ಲನೆಯ ಮಾತು, ಮೆತ್ತಗಿನ ಕೈ. ಎದುರಾಡಲು ಏನೂ ಸಿಗುವುದಿಲ್ಲ.

ಅವಳ ಹಿಂದೆಯೇ ಮಂಡಿ ಹಿಡಿದುಕೊಂಡು ವೇದಾವತಿಯವರು ಹತ್ತಿದರು. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಇಬ್ಬರದೂ ಒಂದೇ ಅಪಾರ್ಟ್‌ಮೆಂಟು. ವೇದಾವತಿ ಕೋರ್ಟುಗಳಲ್ಲಿ ಕನ್ನಡದ ದುಭಾಷಿಯಾಗಿದ್ದು ನಿವೃತ್ತರಾದವರು. ಸುತ್ತಲಿನ ಕನ್ನಡಿಗರ ಮನೆಗಳಲ್ಲಿ ಏನಾದರೂ ಬಗೆಹರಿಯದಿದ್ದರೆ ಪೊಲೀಸರಿಗಿಂತ ಮೊದಲು ಫೋನು ಹೋಗುತ್ತಿದ್ದುದು ಅವರಿಗೆ. ಮದುಮಗಳು ಝೋಲೆಕಾ ಅದೇ ಕಟ್ಟಡದ ಫಿಸಿಯೋಥೆರಪಿಸ್ಟ್. ವೇದಾವತಿಯವರ ಮಂಡಿಯನ್ನು ನೆಟ್ಟಗೆ ಮಾಡಿದವಳು. ಮದುಮಗ ಅಮೃತ್, ಡಾಕ್‌ಲ್ಯಾಂಡ್ಸ್‌ನಲ್ಲಿ ಶ್ರೀವಿದ್ಯಾಳ ಬ್ಯಾಂಕಿನಲ್ಲೇ ಕೆಲಸದಲ್ಲಿದ್ದ. ಆದರೂ ಶ್ರೀವಿದ್ಯಾ, ವೇದಾವತಿ ಇಬ್ಬರೂ ಹೆಣ್ಣಿನ ಕಡೆಯವರಾಗಿಯೇ ಸಿಡ್ನಿಗೆ ಬಂದಿದ್ದರು. ಗಂಡಿನ ಕಡೆಯವರು ಬೆಳಗಿನಿಂದ ಅದನ್ನೇ ಹಿಡಿದು ಚುಡಾಯಿಸುತ್ತಿದ್ದರು.

ಕೋಣೆಯಲ್ಲಿ ಝೋಲೆಕಾ ಒಂದು ಮರದ ಪೆಟ್ಟಿಗೆಯನ್ನು ಹಿಡಿದು ನಿಂತಿದ್ದಳು. ಒಳಗೆ ನೀಟಾಗಿ ಮಡಿಸಿದ ಕೆಂಪು ಬಟ್ಟೆಯಿತ್ತು, ಮಣಿಸರ ಇರಲಿಲ್ಲ.

"ಪೆಟ್ಟಿಗೆ ತೆರೆದಿತ್ತಾ?" ಎಂದು ವೇದಾವತಿ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ, ಮುಚ್ಚಿತ್ತು. ಬಟ್ಟೆಯೂ ಹೀಗೇ ಮಡಿಸಿತ್ತು."

ಪಕ್ಕದ ಮಂಚದ ಮೇಲೆ ರುದ್ರಾಣಿಯವರು ಸೊಸೆಗೆಂದು ತೆಗೆದಿಟ್ಟ ಚಿನ್ನದ ಸೆಟ್ಟುಗಳು ಹಾಗೆಯೇ ಬಿದ್ದಿದ್ದವು. ವೇದಾವತಿ ಬಗ್ಗಿ ಕೆಂಪು ಬಟ್ಟೆಯ ಮಡಿಕೆಯಿಂದ ಹುರಿಗೊಂಡ ಒಂದು ಜರಿ ಎಳೆಯನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡರು.

"ಮದುವೆಮನೇಲಿ ಜರಿಗೇನು ಬರ, ವೇದಕ್ಕ" ಎಂದಳು ಶ್ರೀವಿದ್ಯಾ.

"ಅದೂ ಸರಿಯೇ" ಎಂದು ಅವರು ಎಳೆಯನ್ನು ಪರ್ಸಿಗೆ ಹಾಕಿಕೊಂಡರು.

ಝೋಲೆಕಾಳ ತಾಯಿ ಮಂಡೀಸಾ ಕಿಟಕಿಯ ಬಳಿ ಕುಳಿತಿದ್ದರು. ದಕ್ಷಿಣ ಆಫ್ರಿಕಾದ ಖೋಸಾ ಜನ ಅವರು. ಖೋಸಾ ಎಂಬ ಆ ಹೆಸರಿನ ಮೊದಲ ಅಕ್ಷರಕ್ಕೆ ನಾಲಿಗೆಯನ್ನು ಕೆನ್ನೆಯ ಬದಿಗೆ ಒತ್ತಿ ಲೊಟಕೆ ಹೊಡೆಯಬೇಕು. ನಿನ್ನೆ ಇಡೀ ಸಂಜೆ ವೇದಾವತಿ ಅದನ್ನು ಕಲಿಯಲು ಹೋದದ್ದಕ್ಕೆ ಮಂಡೀಸಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಈಗ ಆ ಮುಖ ಕಲ್ಲಿನಂತಿತ್ತು.

"ಅದರ ಹೆಸರು ಇಸಿದಾಂಗಾ" ಎಂದರು ಅವರು. "ಬಿಳಿ ಮತ್ತು ಆಕಾಶನೀಲಿ ಮಣಿಗಳ ಉದ್ದನೆಯ ಎಳೆಗಳು. ನನ್ನ ಅಮ್ಮ ಮತ್ತು ಅವಳ ತಂಗಿಯರು ಕೂತು ಪೋಣಿಸಿದ್ದು. ನಮ್ಮಲ್ಲಿ ಮಣಿ ನೋಡಿದರೆ ಇವಳು ಕನ್ಯೆಯೋ, ಮದುವೆಯಾದವಳೋ, ಎದೆಹಾಲು ಕೊಡುತ್ತಿರುವವಳೋ ಗೊತ್ತಾಗುತ್ತದೆ. ಬಿಳಿ ನಮ್ಮ ಹಿರಿಯರ ಬಣ್ಣ. ಇನ್ನೊಬ್ಬರ ಮನೆಗೆ ಹೋಗುವ ಹುಡುಗಿಯ ಬೆನ್ನಿಗೆ ಅವರು ಇದ್ದಾರೆ ಎಂದರ್ಥ."

"ಅದಿಲ್ಲದೆ ನಾನು ನಾಳೆ ಹಸೆಮಣೆ ಹತ್ತುವುದಿಲ್ಲ" ಎಂದಳು ಝೋಲೆಕಾ. "ಸೀರೆ ಉಡುತ್ತೇನೆ, ನಿಮ್ಮ ಕರಿಮಣಿ ಕಟ್ಟಿಸಿಕೊಳ್ಳುತ್ತೇನೆ. ಆದರೆ ಬರಿಗೊರಳಲ್ಲಿ, ಯಾರ ಮಗಳೂ ಅಲ್ಲದವಳ ಹಾಗೆ ಬರುವುದಿಲ್ಲ."

ಅವರೆಲ್ಲ ಕೆಳಗಿಳಿದು ಬರುವಷ್ಟರಲ್ಲಿ ಎಲ್ಲರ ಕಣ್ಣು ರುದ್ರಾಣಿಯವರ ಮೇಲಿತ್ತು. ಅದಕ್ಕೆ ಕಾರಣವೂ ಇತ್ತು. ನಿನ್ನೆ ಊಟದ ಹೊತ್ತಿನಲ್ಲಿ ಅವರೇ ಎಲ್ಲರೆದುರು, "ಬಿಳಿ ಮಣಿ ಹಾಕ್ಕೊಂಡು ಯಾರಾದ್ರೂ ಹಸೆ ಮೇಲೆ ಕೂರ್ತಾರಾ? ನಂಗೆ ಸರಿ ಕಾಣಲ್ಲ" ಎಂದಿದ್ದರು. ಬಳೆಶಾಸ್ತ್ರದ ನಡುವೆ ಎರಡು ಸಲ ಎದ್ದು ಒಳಗೆ ಹೋಗಿದ್ದರು ಕೂಡ.

"ಅಮ್ಮ, ನೀನೇನಾದ್ರೂ ಎತ್ತಿಟ್ಟಿದ್ರೆ ಕೊಟ್ಬಿಡು, ಪ್ಲೀಸ್" ಎಂದ ಅಮೃತ್.

ರುದ್ರಾಣಿ ಮಗನನ್ನು ದಿಟ್ಟಿಸಿದರು. "ಎದುರಿಗೇ ಬೇಡ ಅಂದವಳು ನಾನು. ಹಿಂದಿನಿಂದ ಕದಿಯೋ ಗತಿ ನಂಗೆ ಬಂದಿಲ್ಲ ಕಣೋ."

"ಅಕ್ಕ, ಕೂಲ್, ಕೂಲ್" ಎಂದು ಅವರ ತಮ್ಮ ಶಶಿಧರ ಭುಜ ತಟ್ಟಿದರು. ಕನ್ನಡ ಸಂಘದ ಮೈಕು ಎಂದೇ ಹೆಸರಾದವರು. ನಾಳಿನ ನಿರೂಪಣೆಯೂ ಅವರದೇ. ಆ ಮಣಿಸರವನ್ನು ಕಂಡು ಮೊದಲು ಹೊಗಳಿದವರು ಕೂಡ ಅವರೇ. "ಹೋಗ್ಲಿ ಬಿಡಿ, ಹಳೆಯವರು. ಅವರಿಗೆ ಅರ್ಥ ಆಗಲ್ಲ. ಝೋಲೆಕಾ, ಯು ಫರ್ಗಿವ್ ಹರ್, ಓಕೆ?"

"ಏನನ್ನ ಫರ್ಗಿವ್ ಮಾಡೋದು?" ಎಂದು ರುದ್ರಾಣಿ ತಿರುಗಿ ಕೇಳಿದರು.

"ಮಾಮ, ಬೆಳಿಗ್ಗೆಯೆಲ್ಲ ಕುಚ್ಚಿನ ಪೇಟ ಹಾಕ್ಕೊಂಡು ಮೆರೀತಿದ್ರಲ್ಲ, ಎಲ್ಲಿ?" ಎಂದು ಮಾತು ಬದಲಿಸಿದವಳು ಅಮೃತನ ತಂಗಿ ಆದ್ಯಾ.

"ಸೆಕೆ ಕಣೇ. ತಲೆ ಬೆಂದುಹೋಯ್ತು."

ರುದ್ರಾಣಿ ಸಿಟ್ಟನ್ನೆಲ್ಲ ಮಗಳ ಮೇಲೆ ತಿರುಗಿಸಿದರು. "ನೀನೊಬ್ಳು! ಕುಂಕುಮ ಹೆಚ್ಚಿದೆ, ಅಂಗಡಿಗೆ ಹೋಗು ಅಂತ ಬೆಳಿಗ್ಗೆಯಿಂದ ಬಡ್ಕೋತಿದೀನಿ."

"ಮಮ್, ಹೆಚ್ಚಿದೆ ಅಂದ್ರೆ ಮೋರ್ ಅಲ್ವಾ? ಮತ್ತೆ ಯಾಕೆ ತರ್ಬೇಕು?"

"ಮುಗಿದಿದೆ ಅನ್ನಕ್ಕಾಗತ್ತೇನೇ ಕುಂಕುಮಾನ? ಸಿಡ್ನೀಲಿ ಹುಟ್ಟಿದ್ರೆ ಇಷ್ಟೇ!"

ಅಷ್ಟು ಹೊತ್ತಿನ ಬಿಗುವಿನಲ್ಲೂ ನಗು ಹರಿಯಿತು. ವೇದಾವತಿ ಮಾತ್ರ ನಗದೆ ಅಲ್ಲಿದ್ದ ಹೆಂಗಸರ ಕೊರಳುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ರುದ್ರಾಣಿಯ ಚಿನ್ನದ ಸರಪಳಿಯ ಕರಿಮಣಿ, ಆಮೇಲೆ ಅತ್ತೆಯರದು, ನೆಂಟರದು, ಅಡುಗೆಗೆ ಬಂದಾಕೆಯದು. ಶ್ರೀವಿದ್ಯಾಳ ಬರಿಗೊರಳ ಮೇಲೆ ಮಾತ್ರ ಅವರ ಕಣ್ಣು ನಿಲ್ಲಲಿಲ್ಲ. ಇದೇನು ಹುಡುಕುತ್ತಿದ್ದಾರೆ ಎಂದು ಅವಳಿಗೆ ಬಗೆಹರಿಯಲಿಲ್ಲ.

ಹಿತ್ತಲ ಬಟ್ಟೆ ಒಣಗಿಸುವ ಕಂಬದ ಬಳಿ ವೇದಾವತಿ ಆದ್ಯಾಳನ್ನು ಮಾತಿಗೆಳೆದರು. ಹುಡುಗಿ ಇಂಗ್ಲಿಷಿನಲ್ಲಿ ಪಟಪಟ ಉತ್ತರಿಸಿದಳು. ಇಲ್ಲ, ಮೇಲೆ ಹೋಗುವವರನ್ನು ಯಾರನ್ನೂ ಕಂಡಿಲ್ಲ. ಬಳೆಶಾಸ್ತ್ರ ನಡೆಯುವಾಗ ಅವಳು ಇಲ್ಲೇ ಫೋನು ನೋಡುತ್ತ ಕುಳಿತಿದ್ದಳು. ಮಾಮ ಗ್ಯಾರೇಜಿನ ಪಕ್ಕ ಯಾರಿಗೋ ಫೋನು ಮಾಡುತ್ತಿದ್ದರು, ಅಷ್ಟೇ.

"ಏನಂತ?"

"ಸರಗಳು ಜಾಸ್ತಿಯಾಗಿವೆ, ಇವತ್ತೇ ಒಂದನ್ನು ತರುತ್ತೇನೆ ಅಂತ. ಬಾಡಿಗೆ ಸೆಟ್ಟು ಇರಬೇಕು, ವಾಪಸ್ ಕೊಡುತ್ತಿದ್ದಾರೆ ಅಂದುಕೊಂಡೆ."

"ಕನ್ನಡದಲ್ಲಿ ಹೇಳು ಮಗಳೇ. ಅವರು ಅಂದ ಹಾಗೇ."

ಆದ್ಯಾ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "'ಸರ ಹೆಚ್ಚಿದೆ, ಈಗ್ಲೇ ತರ್ತೀನಿ, ಇವತ್ತೇ ಆಗ್ಬೇಕು.' ಹೀಗೆ."

ವೇದಾವತಿ ಅವಳ ಕೆನ್ನೆ ತಟ್ಟಿ ಒಳನಡೆದರು. "ವಿದ್ಯಾ, ಎಲ್ಲರನ್ನೂ ಹಾಲಿಗೆ ಕರಿ. ಮಂಡೀಸಾನೂ ಬರಲಿ. ನಾನು ಇಂಗ್ಲಿಷಲ್ಲಿ ಹೇಳ್ತೀನಿ, ಕನ್ನಡದ ಮಾತು ಬಂದಾಗ ಕನ್ನಡದಲ್ಲೇ."

ಕಿಟಕಿಗಳಲ್ಲಿ ಇನ್ನೂ ಬೇಸಿಗೆಯ ದೀರ್ಘ ಬಿಸಿಲಿತ್ತು. ಹಾಲಿನಲ್ಲಿ ಗಂಡಿನ ಕಡೆಯವರು ಒಂದು ಗೋಡೆಗೆ, ಮಂಡೀಸಾ ಮತ್ತು ಝೋಲೆಕಾ ಇನ್ನೊಂದು ಗೋಡೆಗೆ. ನಡುವೆ, ಯಾರ ಬದಿಗೂ ಸೇರದ ಹಾಗೆ, ರುದ್ರಾಣಿ ಒಬ್ಬರೇ.

"ಹೊರಗಿನ ಕಳ್ಳ ಬಂದಿದ್ದರೆ ಚಿನ್ನ ಬಿಟ್ಟು ಗಾಜಿನ ಮಣಿ ಒಯ್ಯುತ್ತಿರಲಿಲ್ಲ" ಎಂದು ವೇದಾವತಿ ಶುರು ಮಾಡಿದರು. "ಹಾಗಾದರೆ ಮನೆಯವರೇ. ಈ ಸರ ಹಾಕಿಕೊಳ್ಳಬಾರದು ಅನ್ನುವವರು ತೆಗೆದಿದ್ದರೆ? ಅವರು ಪೆಟ್ಟಿಗೆ ಸಮೇತ ಅಡಗಿಸುತ್ತಿದ್ದರು. ತೆಗೆದವರು ಬಟ್ಟೆ ಮಡಿಸಿ, ಪೆಟ್ಟಿಗೆ ಮುಚ್ಚಿದ್ದಾರೆ. ಯಾರಿಗೂ ಗೊತ್ತಾಗುವ ಮೊದಲು ತಂದು ಇಟ್ಟುಬಿಡುವ ಆಸೆ ಅವರಿಗಿತ್ತು. ಇದು ಕಿತ್ತುಕೊಂಡವರ ಕೆಲಸವಲ್ಲ, ಹೆದರಿದವರ ಕೆಲಸ. ರುದ್ರಾಣಿಯವರು ಹೆದರಿದವರಲ್ಲ, ಅದನ್ನು ನಾವೆಲ್ಲ ನಿನ್ನೆಯೇ ನೋಡಿದ್ದೇವೆ."

ರುದ್ರಾಣಿ ತಲೆಯೆತ್ತಿದರು.

"ಆಮೇಲೆ ಒಂದು ಮಾತು ಸಿಕ್ಕಿತು. ಕೋರ್ಟಿನಲ್ಲಿ ಒಂದು ಮಾತು ತಪ್ಪಾಗಿ ದಾಟಿದರೆ ಒಬ್ಬ ಮನುಷ್ಯನ ಬದುಕೇ ಹೋಗುತ್ತದೆ. ಇಲ್ಲಿ ಆದ್ಯಾ ಕೇಳಿಸಿಕೊಂಡದ್ದು 'ಸರ ಹೆಚ್ಚಿದೆ.' ಅವಳಿಗೆ ಅದು ಮೋರ್. ಆದರೆ ರುದ್ರಾಣಿಯವರೇ, ನಮ್ಮವರು 'ಸರ ಹೆಚ್ಚಿದೆ' ಅಂತ ಯಾವಾಗ ಅಂತಾರೆ?"

"ಕಿತ್ತುಹೋದಾಗ" ಎಂದರು ರುದ್ರಾಣಿ ನಿಧಾನವಾಗಿ. "ತಾಳಿ ಸರ ಕಿತ್ತುಹೋಯ್ತು ಅನ್ನಬಾರದು. ಬಳೆ ಒಡೀತು ಅನ್ನಬಾರದು. ಹೆಚ್ಚಿತು ಅನ್ಬೇಕು."

"ಇದಕ್ಕೆ ಮೊದಲೇ ನಾನು ಎಲ್ಲರ ಕೊರಳೂ ನೋಡಿದ್ದೆ. ಆ ಮಾತು ಇನ್ನೂ ಕಿವಿಗೆ ಬಿದ್ದಿರಲಿಲ್ಲ, ಏನೋ ಹರಿದಿರಬೇಕೆಂಬ ಗುಮಾನಿಯಷ್ಟೇ ಇತ್ತು. ನಿಮ್ಮ ಯಾರ ಕರಿಮಣಿಯೂ ಹೆಚ್ಚಿಲ್ಲ. ಮನೆಯಲ್ಲಿ ಇನ್ನುಳಿದದ್ದು ಒಂದೇ ಸರ." ವೇದಾವತಿ ಪರ್ಸಿನಿಂದ ಜರಿ ಎಳೆ ತೆಗೆದರು. "ಸೀರೆಯ ಜರಿ ನೇಯ್ಗೆಯಲ್ಲಿ ಚಪ್ಪಟೆಯಾಗಿರುತ್ತದೆ. ಇದು ಹುರಿಹಾಕಿದ್ದು, ಕುಚ್ಚಿನದು. ಬೆಳಿಗ್ಗೆ ತಲೆಯ ಮೇಲಿದ್ದ ಕುಚ್ಚಿನ ಪೇಟ ಮಧ್ಯಾಹ್ನ ಸೆಕೆಗೆ ಮಾಯವಾಯಿತು. ಶಶಿಧರ ಅವರೇ, ಪೇಟ ತರಿಸಲೇ?"

ಶಶಿಧರರ ಕೈ ಬರಿದಲೆಯ ಮೇಲೆ ಹೋಯಿತು. "ನೋಡಿ ಮೇಡಂ, ಅದು... ವಿಡಿಯೋ ಮಾಡೋಣ ಅಂತ. ಸಂಘದ ಗ್ರೂಪಿಗೆ. ಪೇಟಾನೂ ಇರತ್ತೆ, ಅವರ ಮಣೀನೂ ಇರತ್ತೆ, ಚೆನ್ನಾಗಿರತ್ತೆ ಅಂತ ತಲೆ ಮೇಲಿಂದ ಹಾಕ್ಕೊಂಡೆ. ಕುಚ್ಚಿಗೆ ಸಿಕ್ಕೊಳ್ತು. ಸ್ವಲ್ಪ ಎಳೆದೆ, ಅಷ್ಟೇ. ಅದು ಹೆಚ್ಚಿ..."

"ಕಿತ್ತೆ ಅನ್ನು" ಎಂದರು ರುದ್ರಾಣಿ.

"ಅಕ್ಕ—"

"ಕಿತ್ತೆ ಅನ್ನು! ನನ್ನ ಮಗ ನನ್ನ ಕಳ್ಳಿ ಅಂದಾಗ ನೀನು ಭುಜ ತಟ್ಟಿದೆ. 'ಹಳೆಯವರು' ಅಂದೆ. ಕಿತ್ತೋನು ನೀನು, ಕ್ಷಮೆ ಕೇಳ್ಬೇಕಾದೋಳು ನಾನಾ?"

"ಕಿತ್ತೆ" ಎಂದರು ಶಶಿಧರ. ಧ್ವನಿಗೆ ಮೈಕು ಇರಲಿಲ್ಲ.

ಅಮೃತ್ ಎದ್ದು ತಾಯಿಯ ಬಳಿ ಹೋದ. ಅವರು ಅವನ ಕೈಯನ್ನು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

"ಒಂದು ಮಾತು ಉಳಿದಿದೆ" ಎಂದು ವೇದಾವತಿ ಮಂಡೀಸಾರ ಕಡೆ ತಿರುಗಿದರು. "ಅಂಗಡಿಯ ಹವಳದ ಸರ ಕಿತ್ತಿದ್ದರೆ ಈತ ಕಿತ್ತಿತು ಅಂತಲೇ ಅನ್ನುತ್ತಿದ್ದ. ನಮ್ಮವರು 'ಹೆಚ್ಚಿತು' ಅನ್ನುವ ಮಾತನ್ನು ತಾಳಿ, ಬಳೆ, ಕುಂಕುಮದಂಥ ಮುತ್ತೈದೆಯ ವಸ್ತುಗಳಿಗೆ ಮಾತ್ರ ಇಟ್ಟುಕೊಂಡಿದ್ದಾರೆ. ಹೆದರಿಕೆಯಲ್ಲಿ ಇವನ ಬಾಯಿಂದ ತಾನಾಗಿ ಬಂತು. ನಿಮ್ಮ ಮಣಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು."

ಮಂಡೀಸಾ ಯೋಚಿಸಿದರು. "ಗೊತ್ತಿದ್ದೂ ಆಟದ ಸಾಮಾನಿನ ಹಾಗೆ ಹಾಕಿಕೊಂಡನೇ? ಹಾಗಾದರೆ ಅದು ಇನ್ನೂ ದೊಡ್ಡ ತಪ್ಪು."

ಸರ ಸ್ಟೇಷನ್ ಹಿಂದಿನ ಬೀದಿಯಲ್ಲಿ, ಕರಿಮಣಿ ಪೋಣಿಸಿಕೊಡುವ ಜಯಾ ಎಂಬುವವರ ಮನೆಯಲ್ಲಿತ್ತು; ಫೋನು ಮಾಡಿದೊಡನೆ ಕೊಟ್ಟುಬಂದದ್ದು. ಶಶಿಧರ ಕಾರಿನಲ್ಲಿ ಹೋಗಿ ಸ್ಟೀಲಿನ ಡಬ್ಬಿ ತಂದರು. ಕೆಲವು ಎಳೆಗಳು ನೆಟ್ಟಗಿದ್ದವು. ಉಳಿದದ್ದು ಬಿಡಿ ಮಣಿ. ಜಯಾ ಆಗಲೇ ಒಂದೆಳೆಯನ್ನು ಕರಿಮಣಿಯ ಕ್ರಮದಲ್ಲಿ, ಜೋಡಿ ಜೋಡಿಯಾಗಿ ಗಂಟು ಹಾಕಿ ಪೋಣಿಸಿಬಿಟ್ಟಿದ್ದರು. ಮಂಡೀಸಾ ಅದನ್ನು ಬಿಚ್ಚಿದರು.

ಝೋಲೆಕಾ ಡಬ್ಬಿ ನೋಡಿದಳು, ಆಮೇಲೆ ಶಶಿಧರರನ್ನು. "ನಾಳೆ ಮೈಕು ನಿಮ್ಮ ಕೈಯಲ್ಲೇ ಇರುತ್ತದೆ, ಅಲ್ಲವೇ ಅಂಕಲ್? ಮುಹೂರ್ತಕ್ಕೆ ಮೊದಲು ಇಡೀ ಹಾಲಿಗೆ ಹೇಳಬೇಕು. ಕಿತ್ತವರು ಯಾರು, ಕದಿಯದವರು ಯಾರು. ಹೇಳಿದರೆ ನಾನು ಬರುತ್ತೇನೆ. ಇಲ್ಲದಿದ್ದರೆ ನಾನೂ ಅಮ್ಮನೂ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡುತ್ತೇವೆ."

"ಎಲ್ಲರ ಮುಂದೆಯಾ? ಮರ್ಯಾದೆ..."

"ಯಾರದು?" ಎಂದ ಅಮೃತ್.

ನೆಲದ ಮೇಲೆ ಬಿಳಿ ಪಂಚೆ ಹಾಸಿ ಮಣಿ ಸುರಿದರು. ಮಂಡೀಸಾ ಎಳೆಯ ಕ್ರಮ ಹೇಳಿಕೊಟ್ಟು ಸೂಜಿಗಳನ್ನು ಹಂಚುತ್ತ ಶ್ರೀವಿದ್ಯಾಳ ಮುಂದೆಯೂ ಒಂದು ಹಿಡಿದರು. ಅವಳ ಕೈ ಮಡಿಲಲ್ಲೇ ಉಳಿಯಿತು. ಮದುಮಗಳ ಕೊರಳಿಗೆ ಹೋಗುವ ವಸ್ತು. ಹಿಂದಿನಿಂದ ಯಾರೋ ಅತ್ತೆ ತುಂಬ ಪ್ರೀತಿಯಿಂದ, "ಅವರಿಗೆ ಯಾಕೆ ತೊಂದರೆ, ಅವರು ಆರಾಮಾಗಿ..." ಎಂದರು.

ಇಷ್ಟು ದಿನ ತನ್ನನ್ನು ಕುರ್ಚಿಯಿಂದ ಕುರ್ಚಿಗೆ ಹಿಂದೆ ಸರಿಸಿದ್ದು ಇದೇ ಆರಾಮ. ಕುಂಕುಮ ಮುಗಿದರೂ ಹೆಚ್ಚಿತು. ಹೆಂಗಸನ್ನು ಹೊರಗಿಟ್ಟರೂ ಆರಾಮ. ಶ್ರೀವಿದ್ಯಾ ಸೂಜಿ ತೆಗೆದುಕೊಂಡಳು.

"ನಂಗೆ ತೊಂದರೆ ಇಲ್ಲ ಆಂಟಿ" ಎಂದಳು. "ನಿಮಗಿದ್ರೆ ಆ ಹಿಂದಿನ ಕುರ್ಚಿ ಖಾಲಿ ಇದೆ. ತುಂಬಾ ಆರಾಮಾಗಿರತ್ತೆ. ನಾನು ಕೂತು ನೋಡಿದೀನಿ."

ವೇದಾವತಿ ಕೆಮ್ಮುವ ನೆಪದಲ್ಲಿ ನಕ್ಕರು. ಶ್ರೀವಿದ್ಯಾ ಮೊದಲ ಬಿಳಿ ಮಣಿಯನ್ನು ಪೋಣಿಸಿದಳು.

ಸ್ವಲ್ಪ ಹೊತ್ತಿಗೆ ರುದ್ರಾಣಿಯೂ ಕನ್ನಡಕ ಹಾಕಿಕೊಂಡು ಬಂದು ಪಂಚೆಯ ಅಂಚಿಗೆ ಕುಳಿತರು. "ಬಿಳಿ ನಂಗೆ ಈಗ್ಲೂ ಇಷ್ಟ ಇಲ್ಲ ಅಂತ ಅವರಿಗೆ ಹೇಳಿ, ವೇದಾವತಿ" ಎಂದರು. "ಆದ್ರೆ ನಮ್ಮನೇಲಿ ಕಿತ್ತಿದ್ದು. ನಮ್ಮನೇಲೇ ಕೂಡ್ಬೇಕು."

ವೇದಾವತಿ ಒಂದಕ್ಷರ ಬಿಡದೆ ದಾಟಿಸಿದರು. ಮಂಡೀಸಾ ಕೇಳಿ, "ಇಷ್ಟವಿಲ್ಲ ಎಂದು ಮುಖಕ್ಕೆ ಹೇಳುವ ಬೀಗಿತ್ತಿ ನನಗೆ ಇಷ್ಟ" ಎಂದು ಸೂಜಿ ಕೊಟ್ಟರು.

ಮರುದಿನ ಬೆಳಿಗ್ಗೆ ತುಂಬಿದ ಮದುವೆ ಹಾಲಿನಲ್ಲಿ ಶಶಿಧರ ಮೈಕು ಹಿಡಿದು, ಒಂದೂ ತಮಾಷೆಯಿಲ್ಲದೆ, ಹೇಳಬೇಕಾದ್ದನ್ನು ಹೇಳಿದರು. ಗುಸುಗುಸು ಎದ್ದಿತು. ಅದು ಅಡಗುವ ಮೊದಲೇ ಝೋಲೆಕಾ ತಾಯಿಯ ಜೊತೆ ಒಳಗೆ ಬಂದಳು. ರೇಷ್ಮೆ ಸೀರೆಯ ಮೇಲೆ ಬಿಳಿ ಮತ್ತು ನೀಲಿಯ ಎಳೆಗಳು ಎದೆಯಿಂದ ಸೊಂಟದವರೆಗೆ ಇಳಿದಿದ್ದವು. ಕಾರ್ಪೆಟ್ಟಿನಲ್ಲಿ ಕಳೆದುಹೋದ ಮಣಿಗಳು ಸಿಗಲೇ ಇಲ್ಲ. ಒಂದೆಳೆ ಅರ್ಧಕ್ಕೇ ನಿಂತಿತ್ತು.

ಮಾಲೆ ಬದಲಾಯಿಸಿದ ಮೇಲೆ ಫೋಟೋದವನು ಮುಂದೆ ಬಂದು ಬಗ್ಗಿ ನೋಡಿದ. "ಆಂಟಿ, ಆ ಹೂವಿನ ಹಾರ ಸ್ವಲ್ಪ ಈ ಕಡೆ ಎಳೆದುಬಿಡಿ. ಆ ತುಂಡಾಗಿರೋದು ಮುಚ್ಚಿಹೋಗತ್ತೆ."

ಹತ್ತಿರವಿದ್ದ ರುದ್ರಾಣಿ ಹಾರವನ್ನು ಎರಡೂ ಕೈಯಿಂದ ಹಿಡಿದು ಪೂರ್ತಿ ಪಕ್ಕಕ್ಕೆ ಸರಿಸಿದರು.

"ಕಾಣ್ಲಿ" ಎಂದರು. "ಈಗ ತೆಗಿ."