ಮೂರು ಸೆಕೆಂಡಿನ ತಪ್ಪು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ನಮ್ಮ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ, ನನ್ನ ಅದೃಷ್ಟ ಖುಲಾಯಿಸಿತು ಎಂದುಕೊಂಡೆ. ಸವಾರಿಯ ಬೂಟುಗಳನ್ನೂ ಕಳಚಿರಲಿಲ್ಲ. ಕೆನ್ನೆಯ ಮೇಲೆ ಟ್ರ್ಯಾಕಿನ ಮಣ್ಣು. ಎರಡು ರೇಸ್ ಸೀಸನ್ನಿನಿಂದ ನಾನು ಬೇಲಿಯಾಚೆ ನಿಂತು ಕದ್ದು ನೋಡುತ್ತಿದ್ದ ಮುಖ ಯಾರನ್ನೂ ಕೇಳದೆ ನೇರ ನನ್ನ ಮೇಜಿನ ಮುಂದೆ ಬಂದು ನಿಂತಿತು.

"ಕೂತ್ಕೊಳ್ಳಿ," ಎಂದೆ.

"ಕೂರೋಕೆ ಬಂದಿಲ್ಲ, ಟಿಪ್ಸ್ ಮೇಷ್ಟ್ರೇ." ನಮ್ಮದೇ ಪತ್ರಿಕೆಯ ಕ್ರೀಡಾಪುಟವನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟಳು. "ಇದನ್ನ ನೀವೇ ಬರೆದದ್ದಾ? ಕಣ್ಣು ಕಾಣುತ್ತಾ ನಿಮಗೆ?"

ಬರೆದದ್ದು ನಾನೇ. ಶನಿವಾರ, ಭಾನುವಾರದ ರೇಸುಗಳಲ್ಲಿ ಯಾವ ಕುದುರೆ ಗೆಲ್ಲಬಹುದೆಂದು ಮೊದಲೇ ಹೇಳುವುದು ನನ್ನ ಕೆಲಸ. ಗುರುವಾರ ಬೆಳಿಗ್ಗೆ ಕುದುರೆಗಳ ತಾಲೀಮು ನಡೆಯುವಾಗ ಸ್ಟಾಪ್‌ವಾಚ್ ಹಿಡಿದು ಬೇಲಿಗೆ ಒರಗಿರುತ್ತೇನೆ. ಸಾವಿರ ಮೀಟರಿನ ಕಂಬ ದಾಟಿದಾಗ ಒಮ್ಮೆ ಒತ್ತಬೇಕು, ಕೊನೆಯ ಕಂಬ ದಾಟಿದಾಗ ಇನ್ನೊಮ್ಮೆ. ಆ ಸಮಯ, ಹಿಂದಿನ ಓಟಗಳು, ಹೊರುವ ತೂಕ, ಎಲ್ಲವನ್ನೂ ಅಳೆದು ಸುರಿದು ಒಂದು ಹೆಸರನ್ನು 'ದಿನದ ಬೆಸ್ಟ್' ಎಂದು ಬರೆಯುತ್ತೇನೆ. ಈ ವಾರ ಬರೆದದ್ದು ಬೂದು ಬಣ್ಣದ ಹೆಣ್ಣು ಕುದುರೆಯೊಂದನ್ನು. ಲಾಯದವರು ಅದನ್ನು ಸಿಡುಕಿ ಎಂದು ಕರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಾವಿರ ಮೀಟರನ್ನು ಅರವತ್ತಮೂರು ಸೆಕೆಂಡಿನಲ್ಲಿ ಓಡಿತ್ತು. ಬೆಳಿಗ್ಗೆ ಪೇಪರ್ ಓದಿದ ಅತ್ತಿಗೆ, "ಈ ಕುದುರೇನ ನೀನು ಹೊಗಳಿರೋ ಹಾಗೆ ನಿಮ್ಮಣ್ಣ ನನ್ನನ್ನ ಒಂದ್ಸಲನೂ ಹೊಗಳಿಲ್ಲ ಕಣೋ," ಎಂದಿದ್ದರು.

"ಸಿಡುಕಿ ಓಡಿದ್ದು ಅರವತ್ತಾರರಲ್ಲಿ," ಎಂದಳು ಅವಳು. "ಓಡಿಸಿದ್ದು ನಾನು. ಮುಂಗಾಲು ಬಿಸಿ ಇತ್ತು, ಒಳಗೆ ಪೆಟ್ಟಾಗಿರೋ ಲಕ್ಷಣ. ತಡೆಯುತ್ತಾ ನೋಡೋಣ ಅಂತ ಲಗಾಮು ಬಿಗಿಹಿಡಿದೇ ಓಡಿಸಿದೆ. ತಡೆಯಲ್ಲ. ನಾಳೆ ರೇಸಿಂದ ಹೆಸರು ವಾಪಸ್ ತಗೊಳ್ಳೋಣ ಅಂತ ಟ್ರೇನರ್ ಕೂಡ ಒಪ್ಪಿದ್ರು. ಇವತ್ತು ನೋಡಿದ್ರೆ, ಓನರ್ ನಿಮ್ಮ ಪೇಪರ್ ಓದಿ, ಓಡಲೇಬೇಕು ಅಂತ ಹಠ ಹಿಡಿದಿದ್ದಾರೆ."

"ಡಾಕ್ಟರ್ ಏನಂದ್ರು?"

"ಊತ ಇಲ್ಲ, ಕುಂಟ್ತಾ ಇಲ್ಲ, ಓಡಬಹುದು ಅಂದ್ರು. ಬಿಸಿ ನನ್ನ ಕೈಗೆ ಗೊತ್ತು."

"ನಾಳೆ ಅದರ ಮೇಲೆ ಯಾರು?"

"ನಾನೇ. ಮೂರು ತಿಂಗಳಾದ ಮೇಲೆ ಸಿಕ್ಕಿರೋ ರೇಸು." ಅವಳ ದನಿ ಇಳಿಯಿತು. "ಓಟದ ನಡುವೆ ಕಾಲು ಮುರಿದ್ರೆ ಅದು ಉಳಿಯಲ್ಲ. ನನ್ನ ಕಥೆ ಏನೋ. ಹೆಸರು ತೆಗೆಯೋಕೆ ಹನ್ನೆರಡರವರೆಗೆ ಟೈಮಿದೆ."

ಆ ಮೂರು ಸೆಕೆಂಡು ಎಲ್ಲಿ ಹೋಗಿದ್ದವೆಂದು ನನಗೆ ಆ ಕ್ಷಣವೇ ಹೊಳೆಯಿತು. ಅದನ್ನು ಅವಳೆದುರು ಬಾಯಿಬಿಡುವ ಧೈರ್ಯ ಮಾತ್ರ ಬರಲಿಲ್ಲ.

"ನಡೀರಿ, ಓನರ್ ಹತ್ರ ಹೋಗೋಣ," ಎಂದು ಎದ್ದೆ.

ಅವಳು ನನ್ನ ಸ್ಕೂಟರಿನ ಹಿಂದೆ ಕೂತಳು. ಈ ಗಳಿಗೆಗಾಗಿ ಎಷ್ಟು ದಿನ ಹಂಬಲಿಸಿದ್ದೆ! ಈಗ ನೋಡಿದರೆ ದಾರಿಯ ಸಿಗ್ನಲ್ಲುಗಳೆಲ್ಲ ಮಾತಾಡಿಕೊಂಡವರಂತೆ ಕೆಂಪಾಗುತ್ತಿದ್ದವು. ನಿಂತಾಗಲೆಲ್ಲ ಕನ್ನಡಿಯಲ್ಲಿ ಅವಳನ್ನು ನೋಡಿದೆ. ಸಿಟ್ಟು ಬಂದಾಗ ಅವಳ ಎಡಹುಬ್ಬು ಮಾತ್ರ ಮೇಲೇರುತ್ತದೆ. ದೂರದಿಂದ ಇದು ಗೊತ್ತಾಗಿರಲಿಲ್ಲ.

"ಮುಂದೆ ನೋಡ್ರೀ," ಎಂದಳು. "ನನ್ನ ಮುಖದಲ್ಲೇನು ಸಿಗ್ನಲ್ ಇದೆಯಾ?"

ಓನರ್ ಸೋಫಾ ಅಂಗಡಿಯ ಯಜಮಾನರು. ಪ್ಲಾಸ್ಟಿಕ್ ಕವರ್ ತೆಗೆಯದ ಹೊಸ ಸೋಫಾದ ಮೇಲೆ ನಮ್ಮನ್ನು ಕೂರಿಸಿದರು. ಅಲುಗಿದರೆ ಸದ್ದು ಬರುತ್ತಿತ್ತು, ನನಗೋ ಅಲುಗದೆ ಕೂರಲು ಆಗುತ್ತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ತಲೆಯಾಡಿಸಿದರು.

"ಹನ್ನೊಂದು ವರ್ಷದಿಂದ ನಿಮ್ಮನ್ನ ಓದ್ತಿದ್ದೀನಿ ಮೇಷ್ಟ್ರೇ. ಅರ್ಧ ಸೆಕೆಂಡೂ ತಪ್ಪಿದವರಲ್ಲ. ಈಗ ಮೂರು ಸೆಕೆಂಡ್ ತಪ್ಪಿತು ಅಂತ ನನ್ನ ಕಿವಿ ಮೇಲೆ ಹೂ ಇಡ್ತಿದ್ದೀರಾ? ಬೇರೆ ಕುದುರೆಯವರು ಯಾರಾದ್ರೂ ಹೇಳಿ ಕಳಿಸಿದ್ರಾ?"

"ಇಲ್ಲ ಸಾರ್. ಸ್ಟಾಪ್‌ವಾಚ್ ಮೊದಲನೇ ಕಂಬದಲ್ಲಿ ಒತ್ತೋದು ತಡವಾಯ್ತು."

"ಅದೇ, ಯಾಕೆ ತಡವಾಯ್ತು?"

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಕಣ್ಣಿಗೆ ಧೂಳು ಬಿತ್ತು ಎನ್ನಬಹುದಿತ್ತು, ಮಂಜಿತ್ತು ಎನ್ನಬಹುದಿತ್ತು. ಅವರು ನಂಬುತ್ತಿರಲಿಲ್ಲ. ಪಕ್ಕದಲ್ಲಿ ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನಾಳೆ ಈ ಬೆರಳುಗಳೇ ಲಗಾಮು ಹಿಡಿಯಬೇಕಾಗಿತ್ತು.

"ಆ ಕಂಬ ದಾಟಿದಾಗ ನಾನು ಕುದುರೆ ನೋಡ್ತಿರ್ಲಿಲ್ಲ ಸಾರ್," ಎಂದೆ. "ಇವರನ್ನ ನೋಡ್ತಿದ್ದೆ. ಇವರು ಬಗ್ಗಿ ಸಿಡುಕಿ ಕಿವೀಲಿ ಏನೋ ಹೇಳಿ ನಕ್ಕರು. ನನ್ನ ಕೈ ನಿಂತೇಹೋಯ್ತು. ಆಮೇಲೆ ಎಚ್ಚರಾಗಿ ಒತ್ತಿದೆ. ಅಷ್ಟರಲ್ಲಿ ಮೂರು ಸೆಕೆಂಡ್ ಕಳೆದುಹೋಗಿತ್ತು ಅಂತ ನನಗೇ ಗೊತ್ತಾಗ್ಲಿಲ್ಲ."

ಸೋಫಾ ಸದ್ದು ಮಾಡಿತು. ಈ ಸಲ ಅಲುಗಿದ್ದು ನಾನಲ್ಲ.

ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಇದು ನಿಜಾನೇ ಇರ್ಬೇಕು. ಇಷ್ಟು ಮಾನ ಹೋಗೋ ಸುಳ್ಳನ್ನ ಯಾರೂ ಹೇಳಲ್ಲ," ಎಂದು ಫೋನೆತ್ತಿ ಟ್ರೇನರಿಗೆ ಸಿಡುಕಿಯ ಹೆಸರು ತೆಗೆಯಲು ಹೇಳಿದರು.

ಅಂಗಡಿಯ ಹೊರಗೆ ನಿಂತು ನಾನು ಸಂಪಾದಕರಿಗೆ ಫೋನ್ ಮಾಡಿದೆ. ನಾಳೆ ತಿದ್ದುಪಡಿ ಹಾಕಬೇಕು ಎಂದೆ. ಕಾರಣ ಕೇಳಿದರು, ಹೇಳಿದೆ. ಒಮ್ಮೆ ಮಾನ ಹೋದ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಇನ್ನು ಟ್ರ್ಯಾಕಿಗೆ ಬೇರೆಯವರನ್ನು ಕಳಿಸುತ್ತೇನೆ, ನೀನು ಕಚೇರಿಯಲ್ಲೇ ಕೂತು ಪ್ರೂಫ್ ನೋಡು ಎಂದರು.

"ಅಂದ್ರೆ ಬೇಲಿ ಹತ್ರ ಇನ್ನು ನೀವಿರಲ್ಲ," ಎಂದಳು ಅವಳು.

"ಅಲ್ಲಿ ನನಗೆ ಕೆಲಸ ಇಲ್ಲವಲ್ಲ."

"ಕೆಲಸ ಇಲ್ದೇನೇ ಬನ್ನಿ, ಸೋಮವಾರ." ಅವಳ ಎಡಹುಬ್ಬು ಮೇಲೇರಿತು, ಆದರೆ ಸಿಟ್ಟಿರಲಿಲ್ಲ. "ಅದರ ಕಿವೀಲಿ ಏನು ಹೇಳಿದೆ ಅಂತ ಕೇಳಲ್ವಾ?"

"ಏನು ಹೇಳಿದ್ರಿ?"

"ನೋಡೇ ಸಿಡುಕಿ, ಎರಡು ಸೀಸನ್ ಆಯ್ತು, ಆ ಮನುಷ್ಯ ಇವತ್ತೂ ಮಾತಾಡಿಸಲ್ಲ ಅಂದೆ."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು.

"ನೀವಂದ್ರೆ ನನಗೆ ಪ್ರಾಣ," ಎಂದೆ. "ಮಾತಾಡಿಸಿದ್ದೀನಿ. ಹೋಗಿ ಅದಕ್ಕೆ ಹೇಳಿ."

"ನೀವೇ ಬಂದು ಹೇಳಿ," ಎಂದು ಅವಳು ಸ್ಕೂಟರಿನ ಹಿಂದಿನ ಸೀಟಿಗೆ ಹತ್ತಿ ಕೂತಳು.