ಬಲ ಹಣೆಯ ಬೈತಲೆ

"ತುರಿಕೆ?"

"ಇಲ್ಲ."

"ಉರಿ?"

"ಇಲ್ಲ."

"ತಲೆನೋವು?"

"ನೀವು ಕೇಳೋ ಪ್ರಶ್ನೆಗೆ ಬಂದರೂ ಬರಬಹುದು."

ಅವನು ನಗಲಿಲ್ಲ. ಕೈಯಲ್ಲಿದ್ದ ಫಾರಮಿನಲ್ಲಿ 'ಇಲ್ಲ' ಎಂಬಲ್ಲಿ ಗುರುತು ಹಾಕಿ ಮುಂದಕ್ಕೆ ಹೋದ. "ಬೇರೆ ಏನಾದ್ರೂ?"

ಅವಳು ಕಿಟಕಿಯ ಕಡೆ ನೋಡಿದಳು. ಮಧ್ಯಾಹ್ನದ ಬಿಸಿಲು ಪರದೆಯ ಸಂದಿಯಿಂದ ಇಳಿದು ಅವಳ ಮಡಿಲಲ್ಲಿ ಕೂತಿತ್ತು. "ಎದೆ ಹೊಡ್ಕೊಳ್ತಿದೆ," ಎಂದಳು.

"ಸ್ವಲ್ಪಾನಾ, ಜೋರಾ?"

"ಜೋರು."

"ಯಾವಾಗ ಶುರುವಾಯ್ತು?"

"ನೀವು ಬೈತಲೆ ತೆಗೆದಾಗ."

ಇಷ್ಟು ಹೇಳಿ ಅವಳು ಅವನ ಮುಖವನ್ನೇ ನೋಡಿದಳು. ಹುಬ್ಬು ತುಸು ಮೇಲೇರಿತ್ತು. ತುಟಿಯ ಒಂದು ಕೊನೆ ನಗಲೋ ಬೇಡವೋ ಎಂದು ಕಾಯುತ್ತಿತ್ತು. ಕಣ್ಣಿದ್ದ ಯಾರಿಗಾದರೂ ಅರ್ಥವಾಗುತ್ತಿತ್ತು. ನಮ್ಮ ಪುಣ್ಯಾತ್ಮ ಬಗ್ಗಿ ಬರೆದುಕೊಂಡ: 'ಎದೆಬಡಿತ, ಜೋರು. ಸ್ಪಂಜು ಕಟ್ಟುವ ಹೊತ್ತಿನಿಂದ.'

ಅವನ ಅಕ್ಕ ಅವನನ್ನು ರೂಲುಕಡ್ಡಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೆದುಳಿನ ಪ್ರಯೋಗಾಲಯದಲ್ಲಿ ಅವನು ಟೆಕ್ನಿಷಿಯನ್. ಹಣೆಯ ಬಲಬದಿಯಲ್ಲಿ, ಕೂದಲು ಶುರುವಾಗುವ ಕಡೆ, ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜಿಟ್ಟು ಸಣ್ಣ ಕರೆಂಟು ಹರಿಸಿದರೆ ಮನುಷ್ಯನಿಗೆ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ ಎಂದು ಅಲ್ಲಿ ನೋಡುತ್ತಿದ್ದರು. ಇಪ್ಪತ್ತು ನಿಮಿಷ ಕರೆಂಟು, ಆಮೇಲೆ ಕಂಪ್ಯೂಟರಿನಲ್ಲಿ ಬಾಣದ ಗುರುತುಗಳು. ಬಾಣ ಕಂಡ ಕೂಡಲೇ ಗುಂಡಿ ಒತ್ತಬೇಕು, ಅದು ಕೆಂಪಾದರೆ ಕೈ ತಡೆಯಬೇಕು. ಅರ್ಧ ಜನಕ್ಕೆ ನಿಜವಾದ ಕರೆಂಟು. ಉಳಿದವರಿಗೆ ಹುಸಿ, ಅರ್ಧ ನಿಮಿಷ ಚುರುಗುಟ್ಟಿ ತಾನೇ ನಿಂತುಹೋಗುತ್ತದೆ. ಯಾರಿಗೆ ಯಾವುದು ಎಂಬುದು ಯಂತ್ರದ ಕೋಡಿಗೆ ಮಾತ್ರ ಗೊತ್ತು, ಕೂತವರಿಗೂ ಗೊತ್ತಿಲ್ಲ, ಕಟ್ಟುವವನಿಗೂ ಗೊತ್ತಿಲ್ಲ.

ಅವಳು ಡ್ರೈವಿಂಗ್ ಸ್ಕೂಲಿನ ಟೀಚರು. ಪಾಠದ ಕಾರಿನಲ್ಲಿ ಅವಳ ಕಾಲ ಬಳಿಯೂ ಒಂದು ಬ್ರೇಕು ಇದ್ದುದರಿಂದ ಶಿಷ್ಯರಿಗೆಲ್ಲ ಅವಳು ಬ್ರೇಕ್ ಮೇಡಂ. "ಎಂಟು ವರ್ಷದಿಂದ ಬೇರೆಯವರ ತಪ್ಪಿಗೆ ನಾನು ಬ್ರೇಕ್ ಒತ್ತಿದ್ದೀನಿ. ನನ್ನ ತಲೇಲಿ ಬ್ರೇಕ್ ಎಲ್ಲಿದೆ, ತೋರಿಸಿ ನೋಡೋಣ," ಎಂದು ಮೊದಲ ದಿನವೇ ಕೇಳಿದ್ದಳು. ಅವನು ಟೇಪು ಹಿಡಿದು ಅಳೆದು, ಬಾಚಣಿಗೆಯ ತುದಿಯಿಂದ ಮೆಲ್ಲಗೆ ಕೂದಲು ಸರಿಸಿ, "ಇಲ್ಲಿ" ಎಂದು ಬೆರಳಿಟ್ಟಿದ್ದ. ಅಂದಿನಿಂದ ಗುರುವಾರ ಬಂತೆಂದರೆ ಅವನಿಗೆ ತಿಂಡಿ ಸೇರುತ್ತಿರಲಿಲ್ಲ. ಆದರೆ ಪ್ರಯೋಗಕ್ಕೆ ಬಂದವರ ಜೊತೆ ಬೇರೆ ಮಾತು ಸಲ್ಲದೆಂಬ ನಿಯಮವಿತ್ತು. ನಿಯಮ ಮೀರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ನಾಲ್ಕನೆಯ ಗುರುವಾರದ ಆ ಫಾರಂ ಪ್ರಯೋಗದ ಮುಖ್ಯಸ್ಥೆ ಡಾಕ್ಟರಮ್ಮನ ಮೇಜಿಗೆ ಹೋಯಿತು. ಅವರು ಓದಿ ಕನ್ನಡಕ ತೆಗೆದರು.

"ಎದೆಬಡಿತ ಅಂದ್ರೆ ನಿಲ್ಲಿಸಲೇಬೇಕಪ್ಪ. ಇನ್ನು ಬರೋದು ಬೇಡ ಅಂತ ಫೋನ್ ಮಾಡಿ ಹೇಳಿಬಿಡು."

ಆಗ ಅವನ ಎದೆ ಧಸಕ್ಕೆಂದಿತು. ಉಳಿದಿದ್ದ ಎರಡೇ ಎರಡು ಗುರುವಾರಗಳನ್ನು ಅವನು ಕೈಯಾರೆ ಕಳೆದುಕೊಂಡಿದ್ದ.

ಫೋನಿನಲ್ಲಿ ಅವಳು ಎಲ್ಲ ಕೇಳಿಸಿಕೊಂಡಳು. "ನಾನು ಹೇಳಿದ್ದನ್ನ ಬರೆದು ಕೊಟ್ಟುಬಿಟ್ರಾ?"

"ಬರೀಲೇಬೇಕಲ್ಲ. ನಿಮಗೆ ಏನಾದ್ರೂ ಆಗಿಬಿಟ್ಟರೆ?"

"ಡಾಕ್ಟರಮ್ಮನೂ ಓದಿದ್ರಾ?"

"ಓದಿದ್ರು."

"ಅದು ನಿಮಗೆ ಹೇಳ್ಕೊಂಡಿದ್ದು ಕಣ್ರೀ," ಎಂದಳು ಮೆಲ್ಲಗೆ. "ಹೋಗ್ಲಿ ಬಿಡಿ. ಕರೆಂಟಿಂದಾನೇ ಬಂದಿರಬೇಕು." ಫೋನು ಕಟ್ಟಾಯಿತು.

ಆ ವಾರವೆಲ್ಲ ಅವನು ನೀರಿನೊಳಗೆ ನಡೆದಾಡುವವನಂತೆ ಇದ್ದ. ಬೇರೆಯವರ ತಲೆ ಅಳೆಯುವಾಗಲೂ ಬೆರಳಿಗೆ ಅವಳ ಕೂದಲಿನ ನೆನಪೇ. ಊಟದ ಹೊತ್ತಿಗೆ ಅಕ್ಕ ಅವನ ಮುಖದ ಮುಂದೆ ಕೈಯಾಡಿಸಿದಳು. "ಏಯ್ ರೂಲುಕಡ್ಡಿ, ಯಾವ ಲೋಕದಲ್ಲಿದ್ದೀಯೋ?"

ಅವನು ಎಲ್ಲ ಹೇಳಿದ. ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಅವಳು ಪ್ರೀತಿ ಹೇಳ್ಕೊಂಡ್ರೆ ನೀನು ಕಂಪ್ಲೇಂಟ್ ಬರ್ಕೊಂಡ್ಯಾ?"

"ಹಿಂದಿನ ವಾರಗಳ ಕರೆಂಟು ಉಳ್ಕೊಂಡು ಅವಳ ಬಾಯಿಂದ ಹಾಗೆ ಹೇಳಿಸಿದ್ರೆ ಅಕ್ಕಾ?"

ಅವನನ್ನು ತಿನ್ನುತ್ತಿದ್ದುದು ಅದೊಂದೇ ಅನುಮಾನ. ಆ ಎದೆಬಡಿತ ಅವಳದೇ ಆಗಿದ್ದರೆ ಅವನು ಜಗತ್ತಿನ ದೊಡ್ಡ ಮೂರ್ಖ. ಯಂತ್ರದ್ದಾಗಿದ್ದರೆ, ಅವಳಿಗೆ ಅವನ ಮೇಲೆ ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಅವನನ್ನು ಕರೆದರು. ಹೀಗೆ ತೊಂದರೆ ಕಂಡಾಗ ಕೋಡ್ ತೆಗೆದು ನೋಡುವ ಅಧಿಕಾರ ಅವರಿಗಿತ್ತು.

"ಹುಸಿ ಕಣಯ್ಯ. ಆ ಹುಡುಗಿಗೆ ನಾಲ್ಕು ವಾರವೂ ಬರೀ ಒದ್ದೆ ಸ್ಪಂಜು ಕಟ್ಟಿದ್ದೀವಿ, ಅಷ್ಟೇ." ಕಾಗದ ಮಡಚುತ್ತ ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೋಡ್ ತೆಗೆದ ಮೇಲೆ ಅವಳು ನಮ್ಮ ಪ್ರಯೋಗದವಳಲ್ಲ. ನಿಯಮ ಗಿಯಮ ಏನೂ ಅಡ್ಡ ಬರಲ್ಲ. ಆ ಎದೆಬಡಿತ ಯಾತಕ್ಕೆ ಅಂತ ಹುಡುಕೋದು ನನ್ನ ಕೆಲಸ ಅಲ್ಲಪ್ಪ. ಮಧ್ಯಾಹ್ನ ರಜೆ ತಗೋ."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಡ್ರೈವಿಂಗ್ ಸ್ಕೂಲಿನ ಪಟ್ಟಿಯಲ್ಲಿ ಹೆಸರು ಬರೆಸಿ ಅವನು ಕಾರಿನ ಬಳಿ ನಿಂತ. ಅವಳು ಬಂದಳು, ನೋಡಿದಳು, ಏನೂ ಆಗದವಳಂತೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಕಿವಿಯ ಹಿಂದೆ ಮಾತ್ರ ಕೆಂಪಾಗಿತ್ತು. "ಬೆಲ್ಟ್ ಹಾಕ್ಕೊಳ್ಳಿ. ಕ್ಲಚ್ ಒತ್ತಿ. ನಿಧಾನ."

ಕಾರು ತೆವಳುತ್ತ ಹೊರಟಿತು. ಅಗಲವಾದ ಖಾಲಿ ರಸ್ತೆಯಲ್ಲಿ ಮರದ ನೆರಳುಗಳು ಒಂದೊಂದಾಗಿ ಅವರ ಮೇಲೆ ಹಾದುಹೋದವು. ಪಕ್ಕದಲ್ಲಿ ಒಬ್ಬ ಮುದುಕ ನಡೆದೇ ಅವರನ್ನು ದಾಟಿಹೋದ.

"ನಿಮಗೆ ನಿಜವಾದ ಕರೆಂಟೇ ಹರಿದಿಲ್ಲ," ಎಂದ ಅವನು.

"ಏನು?"

"ಹುಸಿ ಅದು. ನಾಲ್ಕು ವಾರವೂ."

"ಅಂದ್ರೆ ಪಾರಾಗೋಕೆ ನನಗೆ ಆ ನೆಪಾನೂ ಇಲ್ಲ," ಎಂದು ಅವಳು ಹೊರಗೆ ನೋಡಿದಳು. "ಇದನ್ನೂ ಬರ್ಕೊಳ್ಳಿ."

ಅವನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ. ಈ ಸಲ ಮಾತು ನುಂಗಿದರೆ ಅವಳು ಇನ್ನು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನಾನು ಬರೀದೇ ಇರೋದೊಂದಿದೆ. ಬೈತಲೆ ತೆಗೆಯೋಕೆ ಎರಡು ನಿಮಿಷ ಸಾಕು. ನಿಮಗೆ ಪ್ರತಿ ಸಲ ಹತ್ತು ನಿಮಿಷ ತಗೊಂಡಿದ್ದೀನಿ. ಅಳತೆ ಸರಿಯಾಗಿದ್ರೂ ತಪ್ಪಿದೆ ಅಂತ ಹೇಳಿ ಮತ್ತೆ ಅಳೆದಿದ್ದೀನಿ. ಜೀವನದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ನೀವಂದ್ರೆ ನನಗೆ ತುಂಬಾ ಇಷ್ಟ ರೀ."

ಕಾರು ಹೋಗುತ್ತಲೇ ಇತ್ತು. ತಿರುಗಬೇಕಾಗಿದ್ದ ಎಡ ತಿರುವು ಹಿಂದಾಯಿತು, ಅದರ ಮುಂದಿನದೂ ಹಿಂದಾಯಿತು. ಅವಳು ಹೇಳಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ.

"ದಾರಿ ತಪ್ಪಿದ್ವಾ?" ಎಂದು ಅವನು ಅವಳ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು, ತುಟಿಯ ಎರಡೂ ಕೊನೆಗಳು ನಗುತ್ತಿದ್ದವು.

"ನನಗೂ ಇಷ್ಟ," ಎಂದಳು. "ಈಗ ನನ್ನ ನೋಡಬೇಡಿ, ರಸ್ತೆ ನೋಡಿ ಓಡಿಸಿ. ನಾವಿಬ್ಬರೂ ಇನ್ನೂ ಬಹಳ ವರ್ಷ ಬದುಕಬೇಕು."